ಆರಾಮ ಅದೀನ್ರಿ

ನಮ್ಮ ಸಿಮೆಂಟ್ ಕಾರ್ಖಾನೆಯ ಮೇನ್ ಗೇಟಿನಲ್ಲಿ, ತಿರುಗುವ ಕಬ್ಬಿಣದ ಬಾಗಿಲಿನ ಪಕ್ಕ, ಬೂದು ಬಣ್ಣದ ಒಂದು ಪೆಟ್ಟಿಗೆ ಇದೆ. ಊಟದ ಡಬ್ಬಿಗಿಂತ ತುಸು ದೊಡ್ಡದು. ಹೆಸರು ‘ಕುಶಲ’. ನೀವು ಎದುರು ನಿಂತರೆ ಅದು ಹೆಣ್ಣುದನಿಯಲ್ಲಿ, ನಮ್ಮ ಕಡೆಯ ಮಾತಿನಲ್ಲೇ, “ಹೆಂಗದೀರಿ?” ಎಂದು ಕೇಳುತ್ತದೆ. ನೀವು “ಆರಾಮ ಅದೀನ್ರಿ” ಅನ್ನುತ್ತೀರಿ. ಬೇರೆ ಏನೂ ಅನ್ನುವುದಿಲ್ಲ, ಏಕೆಂದರೆ ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ಇರುವುದು ಒಂದೇ ಉತ್ತರ. ಕಾಲು ಮುರಿದುಕೊಂಡು ಮಲಗಿದವನೂ, ಸಾವಿನ ಮನೆಯಲ್ಲಿ ಕೂತವನೂ ಮೊದಲು ಆರಾಮ ಅಂದು, ಆಮೇಲೆ ಮಿಕ್ಕದ್ದನ್ನು ಹೇಳುತ್ತಾನೆ.

ಪೆಟ್ಟಿಗೆಗೆ ನೀವು ಏನಂದಿರಿ ಎಂಬುದು ಬೇಕಿಲ್ಲ, ಹೇಗಂದಿರಿ ಎಂಬುದಷ್ಟೇ ಬೇಕು. ಪ್ಯಾಕಿಂಗ್ ಹೌಸಿನ ಮಹಬೂಬ ಒಮ್ಮೆ ಪರೀಕ್ಷೆ ಮಾಡಲೆಂದು “ಉಳ್ಳಾಗಡ್ಡಿ” ಎಂದು ಉತ್ತರ ಕೊಟ್ಟ. ಬಾಗಿಲು ತೆರೆಯಿತು. ದನಿಯ ಏರಿಳಿತ, ಅದರೊಳಗಿನ ಸಣ್ಣ ನಡುಕ, ಮಾತಿಗೂ ಉಸಿರಿಗೂ ನಡುವಿನ ಬಿಡುವು ಇವನ್ನು ಅದು ಅಳೆಯುತ್ತದೆ. ಹಿಂದಿನ ತಿಂಗಳುಗಳ ನಿಮ್ಮದೇ ದನಿಯ ಜೊತೆ ತಾಳೆ ನೋಡುತ್ತದೆ. ಎರಡು ಸೆಕೆಂಡಿನಲ್ಲಿ ದೀಪ ಹತ್ತುತ್ತದೆ. ಹಸಿರಾದರೆ ಕೆಲಸಕ್ಕೆ ಹೋಗಬಹುದು. ಹಳದಿಯಾದರೆ ಈ ಮನುಷ್ಯ ಆರಾಮಿಲ್ಲ, ಸದ್ಯದಲ್ಲೇ ಗೈರುಹಾಜರಾಗುತ್ತಾನೆ ಎಂದು ಅರ್ಥ. ಅವನನ್ನು ಯಂತ್ರದಿಂದ ಇಳಿಸಿ ‘ಆರೈಕೆ ಕೊಠಡಿ’ಗೆ ಕಳಿಸುತ್ತಾರೆ. ಅಲ್ಲಿ ಮೆತ್ತನೆಯ ಕುರ್ಚಿ ಇದೆ, ಗೋಡೆಯ ತುಂಬ ಸಮುದ್ರದ ವಿಡಿಯೊ ಇದೆ. ತಿಂಗಳಲ್ಲಿ ಮೂರು ಹಳದಿ ಬಿದ್ದರೆ ಅವನ ಗಾಡಿಯನ್ನೋ ಯಂತ್ರವನ್ನೋ ಬೇರೆಯವನಿಗೆ ಕೊಟ್ಟು, ಅವನನ್ನು ಕಸ ಗುಡಿಸುವ ಪಾಳಿಗೆ ಹಾಕುತ್ತಾರೆ. ಅದನ್ನೂ ಆರೈಕೆ ಎಂದೇ ಕರೆಯುತ್ತಾರೆ.

ನಾನು ವಿರೂಪಾಕ್ಷ ಹೂಲಿ, ಟೈಮ್ ಆಫೀಸಿನ ಹೆಡ್ ಕ್ಲಾರ್ಕ್. ಇಪ್ಪತ್ತೊಂಬತ್ತು ವರ್ಷ ಈ ಕಾರ್ಖಾನೆಯ ಮಸ್ಟರ್ ಬರೆದಿದ್ದೇನೆ. ಬಂದವನಿಗೆ ನೀಲಿ ಶಾಯಿಯಲ್ಲಿ ಪಿ, ಬರದವನಿಗೆ ಕೆಂಪು ಶಾಯಿಯಲ್ಲಿ ಎ. ಪೆಟ್ಟಿಗೆಗೆ ಬುದ್ಧಿ ಕಲಿಸಿದವರು ದೊಡ್ಡ ಇಂಜಿನಿಯರುಗಳು ಎಂದು ನಮ್ಮ ಜನ ತಿಳಿದಿದ್ದಾರೆ. ಅದು ಅರ್ಧ ನಿಜ, ಇನ್ನರ್ಧ ನಾನು.

ಪೆಟ್ಟಿಗೆ ಕೂರಿಸಿದ ಮೊದಲ ಎಂಟು ತಿಂಗಳು ಅದು ದೀಪ ಹತ್ತಿಸುತ್ತಿರಲಿಲ್ಲ, ಬರೀ ಕೇಳಿಸಿಕೊಳ್ಳುತ್ತಿತ್ತು. ಸಾವಿರದ ಇನ್ನೂರು ಜನರ ಆರಾಮಗಳನ್ನು ಕೂಡಿಟ್ಟುಕೊಂಡಿತು. ಆಮೇಲೆ ನನ್ನನ್ನು ಕಂಟ್ರೋಲ್ ರೂಮಿಗೆ ಕರೆದರು. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲಿದ್ದರೂ ಅಲ್ಲಿ ಚಳಿ. ಒಂದು ಗೋಡೆಯ ಪರದೆಗಳಲ್ಲಿ ಗೂಡೊಲೆಯ ಬೆಂಕಿ, ಇನ್ನೊಂದು ಗೋಡೆಯಲ್ಲಿ ನಮ್ಮ ಜನರ ಹೆಸರುಗಳು. ಯಂತ್ರ ತಂದ ಕಂಪನಿಯ ಇಂಜಿನಿಯರು ಪ್ರತೀಕ್ಷಾ ಎಂಬ ಹುಡುಗಿ ನನಗೆ ಕುರ್ಚಿ ಕೊಟ್ಟು, ಚಹಾ ತರಿಸಿ, ಬಹಳ ಮರ್ಯಾದೆಯಿಂದ ಕೇಳಿದಳು.

“ಸರ್, ಆರಾಮಾಗಿ ಇರೋರ ದನಿ ಯಾವುದು, ಇಲ್ಲದೋರ ದನಿ ಯಾವುದು ಅಂತ ಯಂತ್ರಕ್ಕೆ ಉದಾಹರಣೆ ಕೊಟ್ಟು ಕಲಿಸಬೇಕು. ನಿಮ್ಮ ರೆಕಾರ್ಡಿನಲ್ಲಿ ಅದು ಎಲ್ಲಿ ಸಿಗುತ್ತೆ?”

ಇಷ್ಟು ವರ್ಷದಲ್ಲಿ ನನ್ನ ಮಸ್ಟರಿನ ಬಗ್ಗೆ ಯಾರೂ ಹಾಗೆ ಕೇಳಿರಲಿಲ್ಲ. ನನಗೆ ಎದೆ ಉಬ್ಬಿತು. “ಅದಕ್ಕೇನ್ ಹುಡುಕೂದೈತಿ? ಬಂದಾವ ಆರಾಮ ಅದಾನ, ಬರದಾವ ಆರಾಮಿಲ್ಲ. ಎಲ್ಲಾ ಮಸ್ಟರಿನ್ಯಾಗ ಐತಿ,” ಅಂದೆ. ಅವಳು ಅದನ್ನು ಹಾಗೇ ಟೈಪು ಮಾಡಿಕೊಂಡಳು. ಸಭೆಯ ನಡಾವಳಿಯಲ್ಲೂ ನನ್ನ ಹೆಸರಿನ ಮುಂದೆ ಆ ಮಾತು ದಾಖಲಾಯಿತು. ಯಾರಿಗಾದರೂ ಎ ಬೀಳುವ ಹಿಂದಿನ ಹತ್ತು ದಿನದ ದನಿಗಳನ್ನೆಲ್ಲ ‘ಆರಾಮಿಲ್ಲ’ ಎಂಬ ರಾಶಿಗೆ ಹಾಕಿದರು. ಉಳಿದದ್ದು ‘ಆರಾಮ’ದ ರಾಶಿ. ಎರಡು ರಾಶಿಗಳ ವ್ಯತ್ಯಾಸವನ್ನು ಯಂತ್ರ ತಾನೇ ಕಂಡುಕೊಂಡಿತು.

ನಾನು ಮರೆತದ್ದು ಒಂದು ಸಣ್ಣ ಸಂಗತಿ. ನಮ್ಮ ಜನ ದುಃಖಕ್ಕೆ ರಜೆ ಹಾಕುವುದಿಲ್ಲ. ಜ್ವರ ಬಂದರೆ ಗುಳಿಗೆ ನುಂಗಿ ಬರುತ್ತಾರೆ. ಮನೆಯಲ್ಲಿ ಸಾವಾದರೆ ಮೂರನೆಯ ದಿನದ ಕಾರ್ಯ ಮುಗಿಸಿ ನಾಲ್ಕನೆಯ ದಿನ ಬರುತ್ತಾರೆ, ಮನೆಯಲ್ಲಿ ಕೂತು ಏನು ಮಾಡುವುದು ಅನ್ನುತ್ತಾರೆ. ರಜೆಯನ್ನು ಅವರು ಕೂಡಿಡುವುದು ಸಂತೋಷಕ್ಕೆ. ತಂಗಿಯ ಮದುವೆ, ಬಸುರಿ ಮಗಳ ಕುಬಸ, ಹೊಸ ಮನೆಯ ಒಕ್ಕಲು, ಗೆಳೆಯನ ಊರಿನ ಕುಸ್ತಿ. ನನ್ನ ಕೆಂಪು ಶಾಯಿಯ ಹಿಂದೆಲ್ಲ ಹೋಳಿಗೆಯ ವಾಸನೆ ಇತ್ತು. ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ಆ ತಣ್ಣನೆಯ ಕೋಣೆಯಲ್ಲಿ ನೆನಪಾಗಲಿಲ್ಲ. ಹಾಗಾಗಿ ಸಂತೋಷವೇ ರೋಗ ಎಂದು ಪೆಟ್ಟಿಗೆ ಕಲಿತುಕೊಂಡಿತು.

ಇದು ಮೊದಲು ಗೊತ್ತಾದದ್ದು ದ್ಯಾಮಣ್ಣ ತಳವಾರನಿಂದ. ಅವನು ಸುಣ್ಣದಕಲ್ಲಿನ ಗಣಿಯಲ್ಲಿ ಡಂಪರ್ ಓಡಿಸುತ್ತಿದ್ದ. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನನ್ನ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ಅವನು ನಕ್ಕರೆ ನಮ್ಮ ಮನೆಯ ಪಾತ್ರೆಗಳಿಗೂ ಕೇಳಿಸುತ್ತದೆ ಎಂದು ನನ್ನ ಹೆಂಡತಿ ಬೈಯುತ್ತಿದ್ದಳು. ಮಗಳು ಶಿವಲೀಲಾಳ ಮದುವೆ ನಿಶ್ಚಯವಾದ ಮರುದಿನ ಅವನು ಜೇಬಿನ ತುಂಬ ಪೇಢೆ ತುಂಬಿಕೊಂಡು ಗೇಟಿಗೆ ಬಂದು “ಆರಾಮ ಅದೀನ್ರಿ” ಅಂದ. ಹಳದಿ ದೀಪ ಹತ್ತಿತು. ಇಡೀ ಶಿಫ್ಟು ಸಮುದ್ರದ ಮುಂದೆ ಕೂತು, ಬಂದವರಿಗೆಲ್ಲ ಪೇಢೆ ಹಂಚಿ, ಸಂಜೆ ಮನೆಗೆ ಬಂದು ಆ ಕಥೆ ಹೇಳಿ ಹೇಳಿ ನಕ್ಕ. ಮರುದಿನವೂ ಹಳದಿಯೇ.

ಮುಂದೆ ಯಾರೂ ನಗಲಿಲ್ಲ. ಕ್ರಷರಿನ ಸಂಗಪ್ಪನ ಎಮ್ಮೆ ಈದ ದಿನ ಅವನಿಗೆ ಹಳದಿ. ಹೊಸದಾಗಿ ಮದುವೆಯಾದ ಫಿಟ್ಟರನಿಗೆ ಮೂರು ದಿನದಲ್ಲಿ ಮೂರು ಹಳದಿ ಬಿದ್ದು ಕೈಗೆ ಪೊರಕೆ ಬಂತು. ಆದರೆ ನೂರಾ ಎರಡು ಡಿಗ್ರಿ ಜ್ವರದಲ್ಲಿ ಬಂದ ಮಹಬೂಬ ಹಸಿರು ದೀಪದಲ್ಲಿ ಒಳಗೆ ಹೋಗಿ, ಮಧ್ಯಾಹ್ನ ಚೀಲಗಳ ಮೇಲೆ ಬಿದ್ದ. ನಮ್ಮ ಜನ ದಡ್ಡರಲ್ಲ. ಎರಡೇ ತಿಂಗಳಲ್ಲಿ ಗೇಟಿನ ಸಾಲಿನಲ್ಲಿ ಮಾತು ನಿಂತಿತು. ಪೆಟ್ಟಿಗೆಯ ಹತ್ತಿರ ಬರುತ್ತಿದ್ದಂತೆ ಒಬ್ಬ ಸತ್ತ ತಾಯಿಯನ್ನು ನೆನೆಯುತ್ತಿದ್ದ, ಇನ್ನೊಬ್ಬ ಓಡಿಹೋದ ತಮ್ಮನನ್ನು. ಕ್ವಾರ್ಟರ್ಸಿನ ಹೆಂಗಸರು ಡ್ಯೂಟಿಗೆ ಹೋಗುವ ಗಂಡಂದಿರಿಗೆ ಒಳ್ಳೆಯ ಸುದ್ದಿ ಹೇಳುವುದನ್ನು ಬಿಟ್ಟರು. ಸಿಹಿ ಅಡಿಗೆ ವಾರದ ರಜೆಗೆ ಮಾತ್ರ. ಓಣಿಯ ಮಕ್ಕಳು ಬೆಳಿಗ್ಗೆ ನಕ್ಕರೆ ಗೋಡೆಯ ಆಚೆಯಿಂದ ದ್ಯಾಮಣ್ಣನ ಹೆಂಡತಿ ಗೌರವ್ವನ ದನಿ ಬರುತ್ತಿತ್ತು: “ಶ್, ಡ್ಯೂಟಿ ಐತಿ.”

ಮದುವೆಗಳಿಗೆ ಹೋಗುವವರೂ ಕಡಿಮೆಯಾದರು. ಹೋಗಬೇಕೆಂದು ಆಸೆಪಟ್ಟರೇ ದನಿ ಬದಲಾಗುತ್ತಿತ್ತಲ್ಲ. ಗೈರುಹಾಜರಿ ನೂರಕ್ಕೆ ನಲವತ್ತರಷ್ಟು ಇಳಿಯಿತು. ತಿಂಗಳಿಗೊಮ್ಮೆ ಅತ್ಯಂತ ಕ್ಷೇಮವಾಗಿರುವ ಹತ್ತು ಜನರ ಹೆಸರು, ಅವರ ಅಂಕಗಳ ಸಮೇತ, ನೋಟಿಸ್ ಬೋರ್ಡಿಗೆ ಅಂಟಿಸುವ ಕೆಲಸ ನನ್ನದು. ಒಂದು ಸಲ ಆ ಹತ್ತೂ ಹೆಸರುಗಳನ್ನು ನಿಂತು ಓದಿದೆ. ಒಬ್ಬ ವಿಧುರ, ಒಬ್ಬನಿಗೆ ಕಿಡ್ನಿ ಕಾಯಿಲೆ, ಒಬ್ಬನ ಹೆಂಡತಿ ತವರಿಗೆ ಹೋದವಳು ವರ್ಷವಾದರೂ ಬಂದಿರಲಿಲ್ಲ. ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕಂಟ್ರೋಲ್ ರೂಮಿಗೆ ಹೋದೆ.

ಪ್ರತೀಕ್ಷಾ ಚುರುಕು ಹುಡುಗಿ. ನಾನು ಎಲ್ಲ ಹೇಳಿ ಮುಗಿಸುವ ಮೊದಲೇ ಅವಳಿಗೆ ಅರ್ಥವಾಯಿತು. ಪರದೆಯಲ್ಲಿ ಆ ಹತ್ತೂ ಜನರ ಅಂಕ ತೆರೆದಳು.

“ಯಂತ್ರ ಸುಳ್ಳು ಹೇಳ್ತಿಲ್ಲ ಸರ್. ಯಾರು ಗೈರಾಗ್ತಾರೆ ಅನ್ನೋದನ್ನ ನೂರಕ್ಕೆ ತೊಂಬತ್ತೊಂದು ಸಲ ಸರಿಯಾಗೇ ಹೇಳುತ್ತೆ. ನಾವು ಅದಕ್ಕೆ ಆರೋಗ್ಯ ಅಂತ ಹೆಸರಿಟ್ಟಿದ್ದು ತಪ್ಪು.”

ಹಾಗಾದರೆ ತಿದ್ದಿ ಅಂದೆ. ಮೊದಲಿಂದ ಕಲಿಸಬೇಕು, ಅದಕ್ಕೆ ಆಡಳಿತದವರ ಒಪ್ಪಿಗೆ ಬೇಕು ಅಂದಳು. ಮಾಹಿತಿ ಕೊಟ್ಟವರು ಮಾಹಿತಿ ತಪ್ಪೆಂದು ಬರವಣಿಗೆಯಲ್ಲಿ ಕೊಟ್ಟರೆ ಅದನ್ನೇ ಹಿಡಿದು ತಾನು ಮೇಲೆ ಕೇಳುತ್ತೇನೆ, ಅದಿಲ್ಲದೆ ಯಾರೂ ಕಿವಿಗೊಡುವುದಿಲ್ಲ ಅಂದಳು. ಅಂದರೆ ನಾನು ಬರೆಯಬೇಕಿತ್ತು. ನನ್ನ ನಿವೃತ್ತಿಗೆ ಆಗ ಹದಿನಾಲ್ಕು ತಿಂಗಳು ಉಳಿದಿತ್ತು. ಇಷ್ಟು ದೊಡ್ಡ ಯಂತ್ರವನ್ನು ಒಬ್ಬ ಕ್ಲಾರ್ಕ್ ಕೆಡಿಸಿದ ಎಂದು ಹೆಸರು ಪಡೆದು ಮನೆಗೆ ಹೋಗುವುದು ನನಗೆ ಬೇಕಿರಲಿಲ್ಲ. ಪತ್ರ ಬರೆದೆ, ಸಹಿಯನ್ನೂ ಮಾಡಿದೆ. ಮಡಚಿ ಡ್ರಾಯರಿನಲ್ಲಿ ಹಳೆಯ ಮಸ್ಟರಿನ ಕೆಳಗೆ ಇಟ್ಟೆ. ಸೋಮವಾರ ಕೊಟ್ಟರಾಯಿತು ಅಂದುಕೊಂಡೆ, ಮತ್ತೆ ಮುಂದಿನ ಸೋಮವಾರ ಅಂದುಕೊಂಡೆ. ನಾನು ಹೇಡಿ ಎಂದು ಹೇಳಲು ಇಷ್ಟು ಉದ್ದ ಮಾತು ಬೇಕಿರಲಿಲ್ಲ.

ಶಿವಲೀಲಾಳ ಮದುವೆಗೆ ದ್ಯಾಮಣ್ಣ ಇದ್ದ ರಜೆಯನ್ನೆಲ್ಲ ಹಾಕಿದ. ಹದಿನಾರು ದಿನ. ಆ ತಿಂಗಳು ಅವನ ಹೆಸರಿನ ಮುಂದೆಲ್ಲ ಹಳದಿ, ಬಂದ ಮೇಲೆ ಮೂರು ವಾರ ಪೊರಕೆ. ಅವನು ಬೇಸರಪಟ್ಟುಕೊಳ್ಳಲಿಲ್ಲ. ಇರುವುದು ಒಬ್ಬಳೇ ಮಗಳು, ಪೊರಕೆ ಹಿಡಿದರೂ ಚಿಂತಿಲ್ಲ ಅಂದ. ಆಮೇಲೆ ಅವನೂ ದನಿ ಇಳಿಸಲು ಕಲಿತು ಡಂಪರ್ ವಾಪಸು ಪಡೆದ. ವರ್ಷ ತುಂಬುವ ಮೊದಲೇ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಒಂದು ಮಧ್ಯಾಹ್ನ ನೋವು ಶುರುವಾಯಿತು, ಹೆಣ್ಣುಮಗು ಹುಟ್ಟಿತು, ರಕ್ತ ನಿಲ್ಲಲಿಲ್ಲ. ಜಿಲ್ಲಾ ಆಸ್ಪತ್ರೆಯ ದಾರಿಯಲ್ಲಿ ಶಿವಲೀಲಾ ತೀರಿಕೊಂಡಳು. ಮಗು ಉಳಿಯಿತು.

ಮೂರನೆಯ ದಿನದ ಕಾರ್ಯ ಮುಗಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ದ್ಯಾಮಣ್ಣ ಎಲ್ಲರ ಹಾಗೆ ಡಬ್ಬಿ ಹಿಡಿದು ಹೊರಟ. ರಜೆ ಒಂದೂ ಉಳಿದಿರಲಿಲ್ಲ, ಉಳಿದಿದ್ದರೂ ಅವನು ಹಾಕುತ್ತಿರಲಿಲ್ಲ. ಪೆಟ್ಟಿಗೆ ಕೇಳಿತು, ಅವನು ಉತ್ತರ ಕೊಟ್ಟ, ಹಸಿರು ಬಂತು. ಟೈಮ್ ಆಫೀಸಿನ ಪರದೆಯಲ್ಲಿ ಅವನ ಅಂಕ ನೋಡಿದೆ. ನೂರಕ್ಕೆ ತೊಂಬತ್ತೆಂಟು. ಅಪಾಯ ಶೂನ್ಯ, ಕಠಿಣ ಕೆಲಸಕ್ಕೆ ಆದ್ಯತೆ ಕೊಡಬಹುದು ಎಂದಿತ್ತು. ಅವನಿಗೆ ಗಣಿಯ ಕೆಳಹಂತದ ಕಡಿದಾದ ದಾರಿ ಕೊಟ್ಟರು.

ಗೋಡೆಯ ಆಚೆ ಮಗು ಒಂದೇ ಸಮ ಅಳುತ್ತಿತ್ತು. ಅದು ಅಳು ನಿಲ್ಲಿಸಿದಾಗ ದ್ಯಾಮಣ್ಣ ಓಡಾಡುವ ಸಪ್ಪಳ ಕೇಳುತ್ತಿತ್ತು. ಐದನೆಯ ದಿನ ಅವನ ಕಣ್ಣು ಕೆಂಡದ ಹಾಗಿತ್ತು. ನಾನು ಗಣಿಯ ಫೋರ್‌ಮನ್ನಿಗೆ ಫೋನು ಮಾಡಿ, ಎರಡು ದಿನ ಅವನನ್ನು ಡಂಪರಿನಿಂದ ಇಳಿಸು ಅಂದೆ. ತೊಂಬತ್ತೆಂಟು ಇರುವವನನ್ನು ಇಳಿಸಿದರೆ ನನಗೆ ಉತ್ತರ ಹೇಳಲಿಕ್ಕಾಗುವುದಿಲ್ಲ, ಬರವಣಿಗೆಯಲ್ಲಿ ಕೊಡಿ ಅಂದ. ಮತ್ತೆ ಬರವಣಿಗೆ. ಕಾರಣ ಬರೆದರೆ ಡ್ರಾಯರಿನ ಕಥೆಯೂ ಹೊರಬರುತ್ತದೆ. ನಾನು ಬೇರೆ ಉಪಾಯ ಹುಡುಕಿದೆ.

ಮರುದಿನ ಗೇಟಿಗೆ ಹೋಗುವ ದಾರಿಯಲ್ಲಿ ದ್ಯಾಮಣ್ಣನ ಹೆಗಲ ಮೇಲೆ ಕೈಯಿಟ್ಟು ಹೇಳಿದೆ. “ಇವತ್ತ ಪೆಟಗಿ ಮುಂದ ಒಮ್ಮೆ ನಕ್ಕೊಂಡ ಆರಾಮ ಅನ್ನೋ ಮಾರಾಯಾ. ಹಳದಿ ಬರತೈತಿ. ಆ ಕುರ್ಚಿ ಮ್ಯಾಲ ಕುಂತು ಸ್ವಲ್ಪ ಕಣ್ಣ ಮುಚ್ಚು.”

ಮಗಳು ಸತ್ತ ಆರನೆಯ ದಿನಕ್ಕೆ ನಗು ಎಂದು ಅವನಿಗೆ ಹೇಳಿದ ಬಾಯಿ ಇದು. ಅವನು ನನ್ನನ್ನು ವಿಚಿತ್ರವಾಗಿ ನೋಡಿದ, ಆದರೆ ಸಿಟ್ಟಾಗಲಿಲ್ಲ. ಪೆಟ್ಟಿಗೆಯ ಮುಂದೆ ನಿಂತು ತುಟಿ ಅಗಲಿಸಿದ. ಹಲ್ಲು ಕಂಡವು. ಗಂಟಲಿನಿಂದ ಕೆಮ್ಮಿನಂಥದ್ದೇನೋ ಬಂತು. “ಆರಾಮ ಅದೀನ್ರಿ.” ಹಸಿರು ದೀಪ ಹತ್ತಿತು. ಸಾಲಿನಲ್ಲಿದ್ದವರು ನೆಲ ನೋಡಿದರು. ದ್ಯಾಮಣ್ಣ ತಿರುಗಿ ನನಗೆ ಹೇಳಿದ:

“ನಗು ಬರವಲ್ದೋ ಹೂಲಿ.”

ನಾನು ಆಗ ಡ್ರಾಯರು ತೆರೆದಿದ್ದರೂ ಸಾಕಿತ್ತು. ಕೈಯಿಂದ ಗೇಟು ಮುಚ್ಚಿ ನಿಲ್ಲಿಸಬಹುದಿತ್ತು. ಸಂಜೆ ಬಂದು ಇನ್ನೊಮ್ಮೆ ಹೇಳಿಕೊಡೋಣ ಅಂದುಕೊಂಡೆ.

ಅದೇ ಬೆಳಿಗ್ಗೆ ಹನ್ನೊಂದು ಗಂಟೆಗೆ, ನಿಚ್ಚಳ ಬಿಸಿಲಿನಲ್ಲಿ, ಕಲ್ಲು ತುಂಬಿದ ಡಂಪರ್ ಮೂರನೆಯ ಹಂತದ ತಿರುವಿಗೆ ಬಂತು. ರಸ್ತೆ ಎಡಕ್ಕೆ ತಿರುಗಿತು, ಗಾಡಿ ನೇರ ಹೋಯಿತು. ಬ್ರೇಕು ಒತ್ತಿದ ಗುರುತು ಮಣ್ಣಿನಲ್ಲಿ ಇರಲಿಲ್ಲ. ನಿದ್ದೆ ಹತ್ತಿತ್ತೋ, ಬೇರೆ ಏನಾದರೂ ಮನಸ್ಸಿಗೆ ಬಂದಿತ್ತೋ ಯಾರಿಗೂ ಗೊತ್ತಿಲ್ಲ. ಕೆಳಗಿನಿಂದ ಅವನನ್ನು ಎತ್ತಿ ತರುವಾಗ ಊಟದ ಡಬ್ಬಿಯ ಮುಚ್ಚಳ ಕೂಡ ತೆರೆದಿರಲಿಲ್ಲ ಎಂದು ಫೋರ್‌ಮನ್ ನನಗೆ ಹೇಳಿದ. ಹೇಳುತ್ತಾ ಅವನೂ ಅತ್ತ.

ವಿಚಾರಣೆ ಎರಡೇ ದಿನದಲ್ಲಿ ಮುಗಿಯಿತು. ಗಾಡಿ ಸರಿಯಿತ್ತು, ರಸ್ತೆ ಸರಿಯಿತ್ತು. ಚಾಲಕನ ಮನಸ್ಸು, ದೇಹ ಆ ದಿನ ಅತ್ಯುತ್ತಮ ಸ್ಥಿತಿಯಲ್ಲಿದ್ದುದಕ್ಕೆ ಯಂತ್ರದ ದಾಖಲೆ ಇತ್ತು. ಆದ್ದರಿಂದ ಅಪಘಾತಕ್ಕೆ ಚಾಲಕನ ಅಜಾಗರೂಕತೆಯೇ ಕಾರಣ. ದಾಖಲೆ ನಿಜವೆಂದು ದೃಢೀಕರಿಸಿ ಟೈಮ್ ಆಫೀಸಿನವರು ಸಹಿ ಹಾಕಬೇಕಿತ್ತು. ಪೆನ್ನು ತೆರೆದವನು ಮುಚ್ಚಿಟ್ಟು, ಓಡುತ್ತಾ ಹೋಗಿ ಡ್ರಾಯರಿನಿಂದ ಪತ್ರ ತಂದು ಮ್ಯಾನೇಜರರ ಮೇಜಿನ ಮೇಲಿಟ್ಟೆ. ಅವರು ಪೂರ್ತಿ ಓದಿದರು. ಕೆಟ್ಟ ಮನುಷ್ಯನಲ್ಲ ಅವರು, ನೀರು ಕುಡಿಸಿದರು. ಪತ್ರದ ತಾರೀಖು ಹತ್ತು ತಿಂಗಳ ಹಿಂದಿನದು ಎಂದು ಮೆಲ್ಲಗೆ ತೋರಿಸಿದರು. ಇದು ಹೊರಗೆ ಬಂದರೆ ಮೊದಲು ಕೇಳುವ ಪ್ರಶ್ನೆ ಹತ್ತು ತಿಂಗಳು ಇದು ಎಲ್ಲಿತ್ತು ಎಂಬುದು, ಅದಕ್ಕೆ ನೀವೇನು ಹೇಳುತ್ತೀರಿ ಎಂದು ಕೇಳಿದರು. ಗೈರುಹಾಜರಿ ಇಷ್ಟು ಇಳಿದಿರುವಾಗ ಯಂತ್ರವನ್ನು ಮೊದಲಿಂದ ಕಲಿಸಲು ಮೇಲಿನವರು ಒಪ್ಪುವುದಿಲ್ಲ, ಇನ್ನೆರಡು ಕಾರ್ಖಾನೆಗಳಲ್ಲಿ ಇದನ್ನೇ ಹಾಕುತ್ತಿದ್ದಾರೆ ಎಂದೂ ಹೇಳಿದರು. ಪತ್ರವನ್ನು ಫೈಲಿಗೆ ಸೇರಿಸದೆ ನನ್ನ ಕೈಗೇ ವಾಪಸು ಕೊಟ್ಟರು. ನಾನು ಸಹಿ ಹಾಕಿದೆ.

ಪ್ರತೀಕ್ಷಾಳಿಗೆ ಸುದ್ದಿ ತಿಳಿಸಲು ಹೋದರೆ, ಅವಳನ್ನು ಆಗಲೇ ಹೊಸ ಕಾರ್ಖಾನೆಗೆ ಕಳಿಸಿದ್ದರು.

ಮೂರು ತಿಂಗಳಾದ ಮೇಲೆ ಗೌರವ್ವನಿಗೆ ಕಂಪನಿ ಕ್ಯಾಂಟೀನಿನಲ್ಲಿ ಕೆಲಸ ಕೊಟ್ಟಿತು. ತಪ್ಪು ಚಾಲಕನದೇ ಆದರೂ ಕರುಣೆಯಿಂದ ಕೊಟ್ಟಿದ್ದೇವೆ ಎಂದು ಆದೇಶದಲ್ಲೇ ಬರೆದಿದ್ದರು. ಅದನ್ನು ಅವಳಿಗೆ ಓದಿ ಹೇಳಿದವನೂ ನಾನೇ, ಆ ಸಾಲನ್ನು ಬಿಟ್ಟು ಓದಿದೆ. ಮಗುವನ್ನು ಹಗಲು ನನ್ನ ಹೆಂಡತಿ ನೋಡಿಕೊಳ್ಳುವುದೆಂದು ಮಾತಾಯಿತು. ಗೌರವ್ವ ಕೆಲಸಕ್ಕೆ ಸೇರುವ ದಿನ ಬೆಳಿಗ್ಗೆ ನಾನು ಗಡ್ಡ ಮಾಡಿಕೊಳ್ಳುತ್ತಿದ್ದೆ. ಗೋಡೆಯ ಆಚೆಯಿಂದ ಮಗು ನಕ್ಕ ಸದ್ದು ಕೇಳಿಸಿತು. ಮೊದಲ ಸಲ ನಕ್ಕಿತ್ತು. ಹಿಂದೆಯೇ ಗೌರವ್ವನ ದನಿ ಬಂತು: “ಶ್, ಡ್ಯೂಟಿ ಐತಿ.” ನಾನು ಕೆನ್ನೆ ಕೊಯ್ದುಕೊಂಡೆ.

ಗೇಟಿನ ಸಾಲಿನಲ್ಲಿ ಅವಳ ಹಿಂದೆ ನಾನು ನಿಂತೆ. ಎಲ್ಲಿ ನಿಲ್ಲಬೇಕು, ಯಾವಾಗ ಮಾತಾಡಬೇಕು ಎಂದು ತೋರಿಸಿಕೊಟ್ಟೆ. ಪೆಟ್ಟಿಗೆ ಕೇಳಿತು, “ಹೆಂಗದೀರಿ?”

ಅವಳು ಸೆರಗು ಸರಿಮಾಡಿಕೊಂಡು, ಮನೆಗೆ ಬಂದ ಹಿರಿಯರಿಗೆ ಹೇಳುವಂತೆ ಹೇಳಿದಳು. “ಆರಾಮ ಅದೀನ್ರಿ.”

ಹಸಿರು. ಹೊಸಬರ ಮೊದಲ ಮೂವತ್ತು ದಿನದ ದನಿಯನ್ನು ಯಂತ್ರ ಅವರ ಸಹಜ ದನಿ ಎಂದು ಬರೆದಿಟ್ಟುಕೊಳ್ಳುತ್ತದೆ. ಇನ್ನು ಮುಂದೆ ಅವಳು ಈ ದನಿಯಿಂದ ಒಂದಿಷ್ಟು ಮೇಲೆದ್ದರೂ ಅದು ಅವಳನ್ನು ಆರೈಕೆಗೆ ಕಳಿಸುತ್ತದೆ. ಅವಳು ಒಳಗೆ ಹೋದಳು.

ನನ್ನ ಸರದಿ ಬಂತು. ಜೇಬಿನಲ್ಲಿ ಪತ್ರ ಇತ್ತು. “ಹೆಂಗದೀರಿ?” ಎಂದು ಅದು ಕೇಳಿತು. ಐವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನಾನು ಆ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟೆ.

“ಆರಾಮಿಲ್ಲ. ದ್ಯಾಮಣ್ಣನ್ನ ಕೊಂದಾವ ನಾ.”

ಎರಡು ಸೆಕೆಂಡು. ಹಸಿರು ದೀಪ ಹತ್ತಿತು, ಬಾಗಿಲು ತಿರುಗಿತು. ಹಿಂದಿನವರು ಲಗೂ ನಡೀರಿ ಎಂದು ಬೆನ್ನಿಗೆ ಕೈ ಹಚ್ಚಿದರು. ಒಳಗೆ ನಿಂತಿದ್ದ ಗೌರವ್ವ ತಿರುಗಿ ನೋಡಿದಳು.

“ಏನಂದ್ರಿ ಅಣ್ಣಾರ?”

“ಏನಿಲ್ಲವಾ,” ಅಂದೆ, “ಆರಾಮ ಅದೀನಿ ಅಂದೆ.”

ಅವಳು ತಲೆಯಾಡಿಸಿ ಕ್ಯಾಂಟೀನಿನ ಕಡೆ ಹೋದಳು. ನಾನು ಟೈಮ್ ಆಫೀಸಿಗೆ ಹೋಗಿ ಆ ತಿಂಗಳ ಪಟ್ಟಿ ತೆಗೆದೆ. ಅದರಲ್ಲಿ ನನ್ನ ಹೆಸರೂ ಇತ್ತು, ಮೂರನೆಯದು. ಗೋಂದು ಹಚ್ಚಿ ನೋಟಿಸ್ ಬೋರ್ಡಿಗೆ ಅಂಟಿಸಿದೆ.